ಡೆವೆಂಟರ್‌ನಲ್ಲಿ ಪಿರ್ರಸ್‌ನ ಕೊನೆಯ ಯುದ್ಧ

ಫೆಬ್ರುವರಿಯ ಒಂದು ಶನಿವಾರ ಬೆಳಿಗ್ಗೆ ನಾನು ಮತ್ತು ನನ್ನ ತಮ್ಮ ಮಹಾಂತೇಶ ಆಮ್ಸ್ಟರ್‌ಡ್ಯಾಮ್ ಪಕ್ಕದ ಬಾಡ್‌ಹೂವೆಡಾರ್ಪ್‌ನ ಅವನ ಮನೆಯಿಂದ ಹೊರಟಾಗ ಮಳೆ ಹೊಡೆಯುತ್ತಿತ್ತು. ನೆದರ್ಲೆಂಡ್ಸಿನ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಬೀಸುವುದೇ ಹೆಚ್ಚು. ಬೀದಿಯಲ್ಲಿ ಕೊಡೆ ಹಿಡಿದವರು ಒಬ್ಬರೂ ಇರಲಿಲ್ಲ. ಮಹಾಂತೇಶ ಒಂದು ರಟ್ಟಿನ ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗೆ ಅವಚಿಕೊಂಡಿದ್ದ. ಅದರಲ್ಲಿ ಹತ್ತಿಯ ನಡುವೆ ಮಲಗಿಸಿದ ಆನೆಗಳಿದ್ದವು. ಒಂದೊಂದೂ ಹೆಬ್ಬೆರಳಿನ ಎತ್ತರದ ತವರದ ಆನೆ. ಎಲ್ಲಕ್ಕೂ ಅವನೇ ಬಣ್ಣ ಹಚ್ಚಿದ್ದ.

“ಅಕ್ಕಾ, ಜಲ್ದಿ ನಡಿ. ಬಸ್ ತಪ್ಪಿದ್ರ ಯುದ್ಧಕ್ಕ ಲೇಟ್ ಆಗ್ತೈತಿ,” ಅಂದ.

ನಾನು ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ರಜೆ ಹಾಕಿ ತಮ್ಮನ ಮನೆಗೆ ಬಂದಿದ್ದೆ. ಅವನು ಆಮ್ಸ್ಟರ್‌ಡ್ಯಾಮ್‌ನಲ್ಲಿ ಎಂಜಿನಿಯರ್. ಆ ದಿನ ನಾವು ಹೊರಟಿದ್ದು ಡೆವೆಂಟರ್ ಎಂಬ ಊರಿಗೆ, ವಿಲ್ಲೆಮ್ ಎಂಬವರ ಮನೆಗೆ. ವಿಲ್ಲೆಮ್ ನನ್ನ ತಮ್ಮನ ಮೊದಲ ಮೇಲಧಿಕಾರಿ, ಈಗ ನಿವೃತ್ತರು. ಮಹಾಂತೇಶ ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಆಫೀಸು ಬಿಟ್ಟರೆ ಕೋಣೆ ಎಂದು ಒಬ್ಬನೇ ಇರುತ್ತಿದ್ದುದನ್ನು ಕಂಡು, ಅವನನ್ನು ಮನೆಗೆ ಕರೆದು ಊಟ ಹಾಕಿದವರು. ಊಟದ ತಟ್ಟೆಗಳನ್ನು ಎತ್ತಿದ ಮೇಲೆ ಅದೇ ಮೇಜಿನ ಮೇಲೆ ತವರದ ಸೈನಿಕರನ್ನು ಹೂಡಿ, ಹಳೆಯ ಯುದ್ಧಗಳನ್ನು ದಾಳ ಹಾಕಿ ಆಡುವುದನ್ನು ಕಲಿಸಿದರು. ಅಂದಿನಿಂದ ಪ್ರತಿ ವರ್ಷ ಒಂದು ಶನಿವಾರ ಇಬ್ಬರೂ ಗ್ರೀಕ್ ರಾಜ ಪಿರ್ರಸ್‌ನ ಒಂದೊಂದು ಯುದ್ಧವನ್ನು ಕ್ರಮವಾಗಿ ಆಡುತ್ತ ಬಂದಿದ್ದರು. ವಿಲ್ಲೆಮ್ ಯಾವಾಗಲೂ ಪಿರ್ರಸ್‌, ನನ್ನ ತಮ್ಮ ಯಾವಾಗಲೂ ಶತ್ರು. ಈ ವರ್ಷ ಉಳಿದಿದ್ದು ಕೊನೆಯದು, ಆರ್ಗೋಸ್ ನಗರದ ಬೀದಿ ಕಾಳಗ.

ಬಸ್ಸಿನಲ್ಲಿ ಸ್ಕಿಪೋಲ್ ವಿಮಾನ ನಿಲ್ದಾಣ ಹತ್ತೇ ನಿಮಿಷ. ಅದರ ನೆಲಮಾಳಿಗೆಯಿಂದ ಡೆವೆಂಟರ್‌ಗೆ ನೇರ ರೈಲು. ದೂರ ನೂರು ಕಿಲೋಮೀಟರಿಗೆ ತುಸು ಹೆಚ್ಚು. ಟಿಕೆಟ್ಟು ಇಪ್ಪತ್ತು ಯೂರೋ ದಾಟುತ್ತದೆ ಎಂದು ಕೇಳಿ ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿದೆ. ಶನಿವಾರವಾದ್ದರಿಂದ ತಮ್ಮನ ಕಾರ್ಡಿಗೆ ರಿಯಾಯಿತಿ, ಅವನ ಜೊತೆಗಿದ್ದ ನನಗೂ ರಿಯಾಯಿತಿ. ಕಿಟಕಿ ಪಕ್ಕ ಕುಳಿತು, ಮನೆಯಿಂದ ತಂದ ಚಪಾತಿ ಮತ್ತು ಶೇಂಗಾ ಚಟ್ನಿ ಬಿಚ್ಚಿದೆವು.

ಪಿರ್ರಸ್ ಎಂದರೆ ನನಗೆ ಪಠ್ಯಪುಸ್ತಕದ ಎರಡು ಸಾಲು ಮಾತ್ರ. ಗಳಿಸಿದ್ದಕ್ಕಿಂತ ಹೆಚ್ಚು ಕಳೆದುಕೊಂಡು ಗೆದ್ದ ಗೆಲುವಿಗೆ ಅವನ ಹೆಸರು ಅಂಟಿಕೊಂಡಿದೆ, ಅಷ್ಟೇ. ಮಹಾಂತೇಶನಿಗೆ ಅವನು ಪಕ್ಕದ ಮನೆಯವನಷ್ಟು ಪರಿಚಯ. ಗ್ರೀಸಿನ ವಾಯವ್ಯದಲ್ಲಿದ್ದ ಎಪಿರಸ್ ಎಂಬ ಗುಡ್ಡಗಾಡು ರಾಜ್ಯದಲ್ಲಿ, ಅಲೆಕ್ಸಾಂಡರ್ ಸತ್ತ ಕೆಲವೇ ವರ್ಷಗಳಲ್ಲಿ ಹುಟ್ಟಿದವನು. ಕೂಸಾಗಿದ್ದಾಗಲೇ ತಂದೆ ಪದಚ್ಯುತನಾದ. ಸೇವಕರು ಕೂಸನ್ನು ಎತ್ತಿಕೊಂಡು ಓಡಿದರು. ಇನ್ನೂ ಹಾಲು ಕುಡಿಯುವ ವಯಸ್ಸಿನಲ್ಲಿ ನೆರೆಯ ರಾಜನ ಮುಂದೆ ನೆಲದ ಮೇಲೆ ಬಿಟ್ಟಾಗ, ಅದು ಅಂಬೆಗಾಲಿಟ್ಟು ಹೋಗಿ ರಾಜನ ಮೇಲುಡುಪು ಹಿಡಿದು ಎದ್ದು ನಿಂತಿತಂತೆ. ರಾಜ ನಕ್ಕುಬಿಟ್ಟ. ಕೂಸಿಗೆ ಆಸರೆ ಸಿಕ್ಕಿತು.

“ಅಲ್ಲಿಂದ ಸಾಯೂತನಕ ಒಂದು ವರ್ಷನೂ ಸುಮ್ಮನ ಕುಂತವ ಅಲ್ಲ ಅಕ್ಕಾ,” ಅಂದ ಮಹಾಂತೇಶ. “ಇಟಲಿ ದಕ್ಷಿಣದಾಗ ಟಾರೆಂಟಮ್ ಅಂತ ಒಂದು ಗ್ರೀಕ್ ಊರು. ಅವರಿಗೂ ರೋಮಿಗೂ ಜಗಳ. ಅವ್ರು ಕರದ್ರು, ಇಂವ ಆನಿ ಹಡಗಿನ್ಯಾಗ ಹತ್ತಿಸ್ಕೊಂಡು ಹೊಂಟ.”

ಹೊರಡುವ ಮುನ್ನ ಅವನ ಆಪ್ತ ಮಂತ್ರಿ ಕಿನಿಯಾಸ್ ಕೇಳಿದನಂತೆ: ರೋಮನ್ನು ಗೆದ್ದ ಮೇಲೆ ಏನು ಮಾಡುತ್ತೀರಿ? ಇಡೀ ಇಟಲಿ ನಮ್ಮದು. ಆಮೇಲೆ? ಸಿಸಿಲಿ. ಆಮೇಲೆ? ಆಫ್ರಿಕದ ಕಾರ್ಥೇಜ್. ಅದೂ ಆದ ಮೇಲೆ? ಆಗ ಆರಾಮವಾಗಿ ಕುಳಿತು ಕುಡಿಯುತ್ತ ಹರಟೆ ಹೊಡೆಯೋಣ. ಹಾಗಾದರೆ ಅದನ್ನು ಈಗಲೇ ಮಾಡಲು ಅಡ್ಡಿ ಏನು ಎಂದನಂತೆ ಕಿನಿಯಾಸ್. ಪಿರ್ರಸ್‌ಗೆ ಮಾತು ನಾಟಿತು, ಆದರೆ ಹಡಗು ನಿಲ್ಲಲಿಲ್ಲ. ಹೆರಾಕ್ಲಿಯದಲ್ಲಿ ಗೆದ್ದ, ಆಸ್ಕುಲಮ್‌ನಲ್ಲಿ ಗೆದ್ದ. ಗೆದ್ದಾಗಲೆಲ್ಲ ಅವನ ಜೊತೆ ಬೆಳೆದ ಗೆಳೆಯರು, ಹಳೆಯ ದಳಪತಿಗಳು ಸತ್ತರು. ಸತ್ತ ರೋಮನ್ನರ ಜಾಗಕ್ಕೆ ಹೊಸಬರು ಬಂದರು, ಅವನ ಕಡೆಯವರ ಜಾಗಕ್ಕೆ ಯಾರೂ ಬರಲಿಲ್ಲ. ಸಿಸಿಲಿಗೆ ಹೋದ, ಅದನ್ನೂ ಬಿಟ್ಟು ಬಂದ.

“ಇಷ್ಟ ಗೆದ್ದವ ಕಡೀಕ ಏನ್ ಉಳಿಸ್ಕೊಂಡ?” ನಾನು ಕೇಳಿದೆ.

“ಗೆಲ್ಲಾಕ ಬರ್ತಿತ್ತು, ಇಟ್ಕೊಳ್ಳಾಕ ಬರ್ತಿದ್ದಿಲ್ಲ.”

ಆಮೆರ್ಸ್‌ಫೋರ್ಟ್ ದಾಟಿದ ಮೇಲೆ ಸಪಾಟು ಹೊಲಗಳು ಮುಗಿದು ಪೈನ್ ಮರಗಳ ಕಾಡು ಶುರುವಾಯಿತು. ಆಗ ಮಹಾಂತೇಶ ವಿಲ್ಲೆಮ್ ಅವರ ಕಾಯಿಲೆಯ ವಿಷಯ ತೆಗೆದ. ಕ್ಯಾನ್ಸರ್ ಎರಡು ಸಲ ಬಂದು ಹೋಗಿತ್ತು. ಚಳಿಗಾಲಕ್ಕೆ ಮುಂಚೆ ಮೂರನೆಯ ಸಲ ಕಾಣಿಸಿಕೊಂಡಿತ್ತು. “ಸೋಮವಾರದಿಂದ ಟ್ರೀಟ್‌ಮೆಂಟ್ ಚಾಲೂ ಆಗ್ತೈತಿ. ಎರಡು ಸಲ ಗೆದ್ದಾರ, ಇದನ್ನೂ ಗೆಲ್ತಾರ,” ಅಂದ. ನನಗಿಂತ ಹೆಚ್ಚಾಗಿ ತನಗೇ ಹೇಳಿಕೊಂಡಂತಿತ್ತು.

ಡೆವೆಂಟರ್ ಬರುವ ಮೊದಲು ರೈಲು ಐಸೆಲ್ ನದಿಯನ್ನು ದಾಟುತ್ತದೆ. ಚಳಿಗಾಲದ ನೀರು ದಂಡೆ ಮೀರಿ ಹುಲ್ಲುಗಾವಲುಗಳ ಮೇಲೆ ಹರಡಿತ್ತು. ಬೇಲಿಯ ಗೂಟಗಳ ತುದಿಗಳು ಮಾತ್ರ ಕಾಣುತ್ತಿದ್ದವು. ಆಚೆ ದಂಡೆಯಲ್ಲಿ ಇಟ್ಟಿಗೆ ಬಣ್ಣದ ಹಳೆಯ ಊರು, ಅದರ ಮಧ್ಯೆ ಚರ್ಚಿನ ಗೋಪುರ.

ವಿಲ್ಲೆಮ್ ಅವರ ಮನೆ ನದಿಗೆ ಮುಖ ಮಾಡಿತ್ತು. ಬಾಗಿಲು ತೆರೆದವರು ಅವರೇ. ಆರಡಿ ಮೀರಿದ ಎತ್ತರದ ಮನುಷ್ಯ, ಅಂಗಿಯೊಳಗೆ ಮೈ ಇದೆಯೋ ಇಲ್ಲವೋ ಅನ್ನುವಷ್ಟು ಸೊರಗಿದ್ದರು. ಕಣ್ಣು ಮಾತ್ರ ಚುರುಕು. “ಅಕ್ಕಾ!” ಎಂದು ಕನ್ನಡದಲ್ಲೇ ನನ್ನನ್ನು ಕರೆದು ಕೈ ಕುಲುಕಿ, ಇಂಗ್ಲಿಷಿಗೆ ಹೊರಳಿದರು. ಅವರ ಹೆಂಡತಿ ಅನೆಕೆ, ನಾನು ಮಾಂಸ ತಿನ್ನುವುದಿಲ್ಲವೆಂದು ಬಟಾಣಿಯ ಗಟ್ಟಿ ಸೂಪನ್ನು ಸಾಸೇಜ್ ಹಾಕದೆ ಕುದಿಸಿದ್ದರು. ಜೊತೆಗೆ ಜೇನು ಮತ್ತು ಮಸಾಲೆ ಹಾಕಿದ ಆ ಊರಿನ ಕಂದು ಬಣ್ಣದ ಕೇಕು. ವಿಲ್ಲೆಮ್ ಎರಡು ಚಮಚ ಸೂಪು ಕುಡಿದು ತಟ್ಟೆ ಸರಿಸಿದರು.

ಮೇಜಿನ ಮೇಲೆ ಆರ್ಗೋಸ್ ನಗರ ಎದ್ದಿತ್ತು. ರಟ್ಟಿನ ಮನೆಗಳು, ಕೆಂಪು ಹೆಂಚಿನ ಮಾಡುಗಳು, ಒಬ್ಬೊಬ್ಬರೇ ಹೋಗಬಹುದಾದ ಇಕ್ಕಟ್ಟು ಓಣಿಗಳು. ಮಹಾಂತೇಶ ಆನೆಗಳನ್ನು ಒಂದೊಂದಾಗಿ ತೆಗೆದು ಕೊಟ್ಟ. ವಿಲ್ಲೆಮ್ ಒಂದನ್ನು ಬೆಳಕಿಗೆ ಹಿಡಿದು ನನ್ನನ್ನು ಕೇಳಿದರು: “ಇವು ನಿಮ್ಮ ದೇಶದವೇ ಅಲ್ಲವೆ?”

ನನಗೆ ಗೊತ್ತಿದ್ದ ಇತಿಹಾಸ ಅದು. ಅಲೆಕ್ಸಾಂಡರನ ದಳಪತಿ ಸೆಲ್ಯೂಕಸ್ ಜೊತೆ ಸಂಧಿಯಾದಾಗ ನಮ್ಮ ಚಂದ್ರಗುಪ್ತ ಮೌರ್ಯ ನೂರಾರು ಆನೆಗಳನ್ನು ಕೊಟ್ಟ. ಅವು ಗ್ರೀಕ್ ರಾಜರಿಂದ ರಾಜರಿಗೆ ಕೈ ಬದಲಾದವು. ಅವುಗಳಲ್ಲೇ ಕೆಲವು ಪಿರ್ರಸ್‌ನ ಪಾಲಿಗೆ ಬಂದಿರಬೇಕೆಂದು ಊಹಿಸುವವರಿದ್ದಾರೆ. ನಾನು ಅಷ್ಟಕ್ಕೆ ನಿಲ್ಲಿಸದೆ ಮುಂದುವರಿಸಿದೆ. “ಆನೆ ಕೊಟ್ಟ ಆ ರಾಜ ಕೊನೆಗೆ ನಮ್ಮ ಕಡೆಯೇ ಬಂದ. ಜೈನರ ಪರಂಪರೆ ಹೇಳುವಂತೆ, ರಾಜ್ಯವನ್ನು ಬಿಟ್ಟು ಗುರುವಿನ ಹಿಂದೆ ನಡೆದು ಶ್ರವಣಬೆಳಗೊಳಕ್ಕೆ ಬಂದ. ಅಲ್ಲೊಂದು ಬಂಡೆಯ ಬೆಟ್ಟವಿದೆ. ಅದರ ಮೇಲೆ ಊಟ ಬಿಟ್ಟು, ಶಾಂತನಾಗಿ ದೇಹ ಬಿಟ್ಟ.”

“ಕಾಯಿಲೆಯಿತ್ತೆ ಅವನಿಗೆ?”

“ಹಾಗೆ ಹೇಳುವುದಿಲ್ಲ. ಸಾಕು ಅನ್ನಿಸಿತ್ತು.”

ವಿಲ್ಲೆಮ್ ಆನೆಯನ್ನು ನಗರದ ಬಾಗಿಲ ಬಳಿ ನಿಲ್ಲಿಸಿದರು. ಹೆಂಡತಿಯ ಕಡೆ ಒಮ್ಮೆ ನೋಡಿ ಹೇಳಿದರು: “ಮಹಾಂತೇಶ್, ಆಟ ಮುಗಿದ ಮೇಲೆ ಹೇಳೋಣ ಅಂದುಕೊಂಡಿದ್ದೆ. ಸೋಮವಾರ ನಾನು ಆಸ್ಪತ್ರೆಗೆ ಹೋಗುತ್ತಿಲ್ಲ. ಬೇಡ ಎಂದು ಡಾಕ್ಟರಿಗೆ ತಿಳಿಸಿದ್ದೇನೆ.”

ಮಹಾಂತೇಶ ನಕ್ಕ. ಅದು ತಮಾಷೆಯಲ್ಲವೆಂದು ತಿಳಿದಾಗ ಎದ್ದು ನಿಂತ. ಇನ್ನೊಂದು ಊರಿನಲ್ಲಿ ಹೊಸ ಔಷಧಿ ಇದೆ, ತಾನೇ ರಜೆ ಹಾಕಿ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆಲ್ಲ ಹೇಳಿದ. “ನೀವು ಎರಡು ಸಲ ಗೆದ್ದವರು!”

“ಗೆದ್ದೆ,” ಅಂದರು ವಿಲ್ಲೆಮ್. “ಮೊದಲ ಸಲ ಗೆದ್ದಾಗ ಬೆರಳುಗಳ ಸ್ಪರ್ಶ ಹೋಯಿತು. ಅದಕ್ಕೇ ಈಗ ನೀನು ಬಣ್ಣ ಹಚ್ಚುತ್ತೀಯ. ಎರಡನೆಯ ಸಲ ನಾಲಿಗೆಯ ರುಚಿ ಹೋಯಿತು, ಒಂದು ಬೇಸಿಗೆ ಪೂರ್ತಿ ಹಾಸಿಗೆಯಲ್ಲೇ ಹೋಯಿತು. ಈ ಸಲ ಗೆದ್ದರೂ ಸಿಗುವುದು ಕೆಲವು ತಿಂಗಳು, ಅದೂ ಆಸ್ಪತ್ರೆಯ ಕಿಟಕಿಯ ಪಕ್ಕ. ಆಸ್ಕುಲಮ್ ಆದ ಮೇಲೆ ಅಭಿನಂದಿಸಲು ಬಂದವನಿಗೆ ಪಿರ್ರಸ್ ಏನು ಹೇಳಿದ, ನಿನಗೆ ಗೊತ್ತಲ್ಲ?”

ಇಂಥದೇ ಇನ್ನೊಂದು ಗೆಲುವು ಬಂದರೆ ತಾನು ಪೂರ್ತಿ ನಾಶ ಎಂದಿದ್ದನಂತೆ ಅವನು. ಮಹಾಂತೇಶ ಕೋಟು ಹಾಕಿಕೊಂಡು ಹೊರಗೆ ಹೋದ. ಬಾಗಿಲು ಜೋರಾಗಿ ಬಡಿಯಿತು.

ನಾನು ಅಡುಗೆಮನೆಗೆ ಹೋದೆ. ಅನೆಕೆ ಬೆನ್ನು ತಿರುಗಿಸಿ ನಿಂತು, ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದರು. “ನಾನೂ ಒಪ್ಪಿರಲಿಲ್ಲ,” ಅಂದರು. “ಸಿಟ್ಟಿನಿಂದ ಮಾತು ಬಿಟ್ಟಿದ್ದೆ. ಈಗಲೂ ಪೂರ್ತಿ ಒಪ್ಪಿದ್ದೇನೆ ಅಂತ ಹೇಳಲಾರೆ. ಆದರೆ ಇರುವ ದಿನಗಳನ್ನೂ ಜಗಳದಲ್ಲಿ ಕಳೆಯುವುದು ಹೇಗೆ?”

ತಮ್ಮ ನದಿಯ ದಂಡೆಯ ಮೇಲೆ ಸಿಕ್ಕ. ಮಳೆ ನಿಂತಿತ್ತು, ಗಾಳಿ ಕಿವಿ ಕೊರೆಯುತ್ತಿತ್ತು. ನನ್ನನ್ನು ಕಂಡು ಸಿಡಿದ. “ನೀ ಆ ಬೆಟ್ಟದ ಕಥಿ ಯಾಕ ಹೇಳಿದಿ ಅಕ್ಕಾ? ಈಗ ಬೇಕಿತ್ತೇನ ಅದು?”

“ನಾ ಹೇಳದಿದ್ರೂ ಅವ್ರು ಹೇಳಾವ್ರ ಇದ್ರು. ನಿರ್ಧಾರ ಮೊದಲ ಆಗೇತಿ.”

“ಒಮ್ಮೆ ನನ್ನ ಕೇಳಬೇಕಿತ್ತಲ್ಲ!”

“ಮಾಂತ್ಯಾ,” ಅಂದೆ. ಆ ಹೆಸರಿನಿಂದ ಅವನನ್ನು ಕರೆದು ಬಹಳ ವರ್ಷಗಳಾಗಿದ್ದವು. “ಅವ್ರು ನಿನ್ನ ಸಲಹಾ ಕೇಳಾಕ ಕರದಿಲ್ಲ. ಆಡಾಕ ಕರದಾರ. ಅಷ್ಟ ದೊಡ್ಡ ಊರು ಕಟ್ಟಿ ಕಾಯಾಕತ್ತಾರ.”

ಅವನು ಮುಖ ತಿರುಗಿಸಿಕೊಂಡು ಅತ್ತ. ನಾನು ಪಕ್ಕದಲ್ಲಿ ನಿಂತಿದ್ದೆ. ತುಂಬಿದ ಹೊಳೆಯಲ್ಲಿ ಮರಳು ತುಂಬಿದ ದೋಣಿಯೊಂದು ಪ್ರವಾಹಕ್ಕೆ ಎದುರಾಗಿ ನಿಧಾನ ಸಾಗುತ್ತಿತ್ತು. ಅದು ಸೇತುವೆ ದಾಟುವವರೆಗೆ ನೋಡಿ ಇಬ್ಬರೂ ಒಳಗೆ ಹೋದೆವು.

“ಯಾರ ಸರದಿ?” ಎಂದ ಮಹಾಂತೇಶ, ಕುರ್ಚಿ ಎಳೆದುಕೊಂಡು.

“ನನ್ನದು,” ಅಂದರು ವಿಲ್ಲೆಮ್.

ಮಧ್ಯಾಹ್ನವೆಲ್ಲ ಯುದ್ಧ ನಡೆಯಿತು. ಆಡುತ್ತಲೇ ವಿಲ್ಲೆಮ್ ನಿಜವಾದ ಯುದ್ಧದ ಕಥೆಯನ್ನೂ ಹೇಳಿದರು. ಇದಕ್ಕೆ ಮುಂಚೆ ಪಿರ್ರಸ್ ಸ್ಪಾರ್ಟಾದ ಮೇಲೆ ದಂಡೆತ್ತಿ ಹೋಗಿ, ಅಲ್ಲಿನ ಹೆಂಗಸರೂ ಸೇರಿ ತೋಡಿದ ಕಂದಕ ದಾಟಲಾರದೆ ಹಿಂದಿರುಗಿದ್ದ. ದಾರಿಯಲ್ಲಿ ಮಗನನ್ನು ಕಳೆದುಕೊಂಡಿದ್ದ. ಆ ದುಃಖದಲ್ಲೇ ಆರ್ಗೋಸ್‌ನ ಕತ್ತಲೆಗೆ ನುಗ್ಗಿದ. ಓಣಿಗಳಲ್ಲಿ ಸೈನ್ಯ ಸಿಕ್ಕಿಬಿತ್ತು, ಒಂದು ಆನೆ ಬಾಗಿಲಿಗೆ ಅಡ್ಡ ಬಿದ್ದು ದಾರಿ ಮುಚ್ಚಿತು. ನಿಕಾನ್ ಎಂಬ ಇನ್ನೊಂದು ಆನೆ, ಕೆಳಗೆ ಬಿದ್ದ ತನ್ನ ಮಾವುತನನ್ನು ಹುಡುಕಿ, ಸೊಂಡಿಲಿನಿಂದ ಎತ್ತಿ ದಂತಗಳ ಮೇಲೆ ಮಲಗಿಸಿಕೊಂಡು, ಎದುರು ಬಂದವರನ್ನು ತುಳಿಯುತ್ತ ಸಾಗಿತು. ಅದನ್ನು ಹೇಳುವಾಗ ವಿಲ್ಲೆಮ್ ತವರದ ಆನೆಯನ್ನು ತಾವೇ ಓಣಿಯಲ್ಲಿ ನಡೆಸಿ ತೋರಿಸಿದರು. ಕೊನೆಗೆ ಪಿರ್ರಸ್ ಒಬ್ಬ ಸಾಮಾನ್ಯ ಸೈನಿಕನ ಮೇಲೆ ಕತ್ತಿ ಎತ್ತಿದಾಗ, ಮಾಳಿಗೆಯಿಂದ ನೋಡುತ್ತಿದ್ದ ಆ ಸೈನಿಕನ ತಾಯಿ, ಬಡ ಮುದುಕಿ, ಎರಡೂ ಕೈಯಲ್ಲಿ ಹೆಂಚು ಕಿತ್ತು ಎಸೆದಳು. ಅದು ರಾಜನ ಕುತ್ತಿಗೆಗೆ ಬಿತ್ತು. ಅಲ್ಲಿಗೆ ಮುಗಿಯಿತು ಅವನ ಕಥೆ.

ಆಟದಲ್ಲೂ ಆ ಗಳಿಗೆ ಬಂತು. ವಿಲ್ಲೆಮ್ ದಾಳವನ್ನು ನನ್ನ ಅಂಗೈಯಲ್ಲಿ ಇಟ್ಟರು. “ಮುದುಕಿ ನೀವು. ಐದು ಅಥವಾ ಆರು ಬಿದ್ದರೆ ಹೆಂಚು ತಾಗುತ್ತದೆ.”

ನಾನು ಎಸೆದೆ. ದಾಳ ರಟ್ಟಿನ ಗೋಡೆಗೆ ಬಡಿದು ಉರುಳಿ ನಿಂತಿತು. ಎರಡು.

“ತಪ್ಪಿತು!” ಎಂದು ಕೂಗಿದ ಮಹಾಂತೇಶ, ಶತ್ರುವಿನ ಕಡೆಯವನು ತಾನೆಂಬುದನ್ನೇ ಮರೆತು. “ಉಳಿದಿರಿ! ಇನ್ನೂ ಒಂದು ಆನೆ ಇದೆ ನಿಮಗೆ. ಚೌಕಕ್ಕೆ ನುಗ್ಗಿದರೆ ಊರು ನಿಮ್ಮದು.”

ವಿಲ್ಲೆಮ್ ಬಹಳ ಹೊತ್ತು ಮೇಜನ್ನು ನೋಡಿದರು. ಆಮೇಲೆ ರಾಜನನ್ನು ಬೆರಳಿನಿಂದ ಎತ್ತಿ, ಮನೆಗಳ ಮೇಲಿನಿಂದ ದಾಟಿಸಿ, ಕೋಟೆಯಾಚೆ ಮೇಜಿನ ಅಂಚಿನಲ್ಲಿ ನಿಲ್ಲಿಸಿದರು. ಮುಖ ಹೊರಗೆ, ಬೆನ್ನು ಊರಿಗೆ.

“ಇದು ನಿಯಮದಲ್ಲಿಲ್ಲ,” ಅಂದ ಮಹಾಂತೇಶ ಮೆಲ್ಲಗೆ.

“ಇಲ್ಲ,” ಅಂದರು ವಿಲ್ಲೆಮ್.

ಅನೆಕೆ ಕಾಫಿ ತಂದರು.

ಸಂಜೆಯ ರೈಲು ಸೇತುವೆ ಹತ್ತಿದಾಗ ನದಿಯ ದಂಡೆಯ ಮನೆಗಳಲ್ಲಿ ದೀಪ ಹಚ್ಚಿದ್ದರು. ಅವುಗಳಲ್ಲಿ ಅವರ ಮನೆ ಯಾವುದೆಂದು ನನಗೆ ಗುರುತು ಸಿಗಲಿಲ್ಲ. ಅಪೆಲ್ಡೋರ್ನ್ ನಿಲ್ದಾಣ ಬಂದಾಗ ಮಹಾಂತೇಶ, “ಮುಂದಿನ ಶನಿವಾರನೂ ಬರ್ತೀನಿ,” ಅಂದ.

ಹಾಗೆಯೇ ಮಾಡಿದ. ನಾನು ಧಾರವಾಡಕ್ಕೆ ಮರಳಿದ ಮೇಲೂ ಅವನು ಪ್ರತಿ ಶನಿವಾರ ಆ ರೈಲು ಹತ್ತಿದನಂತೆ. ಏನು ಆಡಿದಿರಿ ಎಂದು ಫೋನಿನಲ್ಲಿ ಕೇಳಿದರೆ, “ಏನೂ ಆಡಲಿಲ್ಲ. ಹೊಳಿ ನೋಡಕೋತ ಕುಂತಿದ್ವಿ,” ಅನ್ನುತ್ತಿದ್ದ. ಬೇಸಿಗೆಯ ಮೊದಲ ಬಿಸಿಲಿನಲ್ಲಿ, ಒಂದು ಶನಿವಾರ ಬೆಳಿಗ್ಗೆ, ತಮ್ಮ ಮನೆಯ ತಮ್ಮದೇ ಹಾಸಿಗೆಯಲ್ಲಿ ವಿಲ್ಲೆಮ್ ತೀರಿಕೊಂಡರು. ಮಹಾಂತೇಶ ಅಲ್ಲೇ ಇದ್ದ.

“ನಾ ಅಡಗಿಮನ್ಯಾಗ ಬ್ರೆಡ್ಡಿಗೆ ಬೆಣ್ಣಿ ಹಚ್ಚಾಕತ್ತಿದ್ದೆ ಅಕ್ಕಾ,” ಅಂದ ಫೋನಿನಲ್ಲಿ. “ಅನೆಕೆ ಕರದ್ರು. ಹೋಗಿ ನೋಡಿದೆ. ಆಮ್ಯಾಲ ಏನ್ ಮಾಡಬೇಕು ಇಬ್ಬರಿಗೂ ತಿಳೀಲಿಲ್ಲ. ಅವರ ಹತ್ರಾನ ಕುಂತು, ಆ ಬ್ರೆಡ್ ತಿಂದ್ವಿ.”