ಕಮಾನಿಗೆ ಸಿಕ್ಕ ಮಾವಿನ ಹಣ್ಣು

ನಮ್ಮ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಆದರೂ ಆ ಬೇಸಿಗೆಯಲ್ಲಿ ಮಾವಿನ ಹಣ್ಣಿನ ಸಾರ್ಬೆಟ್ ಮಾಡಿಯೇ ತೀರುತ್ತೇನೆಂದು ಹಟ ಹಿಡಿದಿದ್ದೆ. ಹೆದ್ದಾರಿ ಪಕ್ಕ ಹೊಸದಾಗಿ ಬಂದಿದ್ದ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಿದ್ದೆ. ಟೀವಿಯಲ್ಲಿ ನೋಡಿದ್ದನ್ನು ಗೆಳತಿಯೊಬ್ಬಳು ಊಟದ ಹೊತ್ತಿನಲ್ಲಿ ಬಾಯಲ್ಲಿ ನೀರೂರುವಂತೆ ವರ್ಣಿಸಿದ್ದಳು. ಹಾಲಿಲ್ಲ, ಕೆನೆಯಿಲ್ಲ, ಬರೀ ಹಣ್ಣು, ಸಕ್ಕರೆ ಪಾಕ, ಚೂರು ನಿಂಬೆರಸ ಬೆರೆಸಿ ಐಸಿನಂತೆ ಗಟ್ಟಿ ಮಾಡಿದ್ದು. ಕೇಳುತ್ತ ಕೇಳುತ್ತ ನನಗೆ ಅಪ್ಪನ ನೆನಪಾಯಿತು.

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ಎಡಗೈಯಲ್ಲಿ ಬಿಲ್ಲಿನಂಥ ಕಮಾನು ಎಳೆದು ಮರ ತಿರುಗಿಸುವ ಕೈ ಲೇತಿನಲ್ಲಿ ಬೊಂಬೆ ಮಾಡುತ್ತಿದ್ದವನು ಅವನು. ಚನ್ನಪಟ್ಟಣದ ನಮ್ಮ ಬೀದಿಯವರೆಲ್ಲ ಮೋಟಾರು ಹಾಕಿಸಿಕೊಂಡ ಮೇಲೂ ಅವನು ಕಮಾನು ಬಿಟ್ಟಿರಲಿಲ್ಲ. ಬೆರಳು ಆಡಿಸುತ್ತಿದ್ದರೆ ಕೈ ಬಂದೀತು, ಇಲ್ಲದಿದ್ದರೆ ಇಷ್ಟೇ ಎಂದಿದ್ದರು ಡಾಕ್ಟರು. ಅಪ್ಪ ಆಡಿಸಲೇ ಇಲ್ಲ. ಕೈಯನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡು ಗೋಡೆ ನೋಡುತ್ತ ಕೂತಿರುತ್ತಿದ್ದ. ಊಟವೂ ಸೇರುತ್ತಿರಲಿಲ್ಲ; ತಣ್ಣಗಿನ ಹಣ್ಣಾದರೂ ಸೇರೀತೆಂದು ನನ್ನ ಆಸೆ. ನನ್ನದು ಮೊದಲೇ ಮೂಗಿನ ತುದಿಯ ಸಿಟ್ಟು; ಅಳು ಬರಬೇಕಾದಲ್ಲೆಲ್ಲ ರೇಗುತ್ತಿದ್ದೆ.

ಅವತ್ತು ಭಾನುವಾರ ಮಧ್ಯಾಹ್ನ. ಕರೆಂಟು ಹೋಗಿ ಬೀದಿಯ ಮೋಟಾರುಗಳೆಲ್ಲ ಒಮ್ಮೆಲೇ ನಿಂತವು. ಆ ಗುಂಯ್ ಸದ್ದಿಗೆ ಒಗ್ಗಿಹೋಗಿದ್ದ ಕಿವಿಗೆ ಊರೇ ನಿದ್ದೆಗೆ ಜಾರಿದ ಹಾಗಿತ್ತು. ಹೆಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಮರದ ದೂಳು ನಿಧಾನವಾಗಿ ತೇಲುತ್ತಿತ್ತು. ರಸಪುರಿ ಹಣ್ಣು ಹಿಂಡಿ, ಸೋಸಿ, ಪಾಕ ಬೆರೆಸಿದೆ. ತಣ್ಣಗಾದರೆ ಸಿಹಿ ಮಂಕಾಗುತ್ತದೆಂದು ಸಕ್ಕರೆ ಸ್ವಲ್ಪ ಮುಂದಾಗಿಯೇ ಇತ್ತು. ಸೋಡಾ ಅಂಗಡಿಯಿಂದ ತಂದ ಐಸನ್ನು ಕರಗದಂತೆ ಮರದ ಹೊಟ್ಟಿನಲ್ಲಿ ಹೂತಿಟ್ಟಿದ್ದೆವು. ಅದನ್ನು ತೊಳೆದು, ಗೋಣಿಯಲ್ಲಿ ಸುತ್ತಿ ಕುಟ್ಟಿ, ಕಲ್ಲುಪ್ಪು ಬೆರೆಸಿ ಬಕೆಟ್ಟಿಗೆ ತುಂಬಿದೆ. ಉಪ್ಪಿನ ಉಪಾಯ ಕುಲ್ಫಿ ಗಾಡಿಯವನನ್ನು ನೋಡಿ ಕಲಿತದ್ದು. ನಡುವೆ ಹಣ್ಣಿನ ರಸ ತುಂಬಿದ ಹಾಲಿನ ಕ್ಯಾನು ನಿಲ್ಲಿಸಿದೆ.

ಕ್ಯಾನನ್ನು ಬಿಡದೆ ತಿರುಗಿಸಬೇಕು, ಇಲ್ಲದಿದ್ದರೆ ಒಳಗಿನದು ಕಲ್ಲಾಗಿಬಿಡುತ್ತದೆ. ಸ್ವಲ್ಪ ಹೊತ್ತು ಅವ್ವ, ಸ್ವಲ್ಪ ಹೊತ್ತು ನಾನು. ಬೆರಳು ಮರಗಟ್ಟಿದವು.

"ಒಂದ್ ಹಣ್ ತಿನ್ನಕ್ಕೆ ಇಷ್ಟು ಪಾಡಾ? ಹಂಗೇ ಚೀಪುದ್ರೆ ಆಗಕಿಲ್ವಾ?" ಅವ್ವ ಗೊಣಗಿದಳು.

ಮೂಲೆಯಿಂದ ಅಪ್ಪನ ತೊದಲು ದನಿ ನನ್ನನ್ನು ಕರೆಯಿತು. "ಕಮಾನು ತಕಂಬಾ ಅಮ್ಮಿ. ಕೈಲಿ ತಿರುಗ್ಸುದ್ರೆ ನಾಳೆಗೂ ಆಗಕಿಲ್ಲ."

ಕಾಯಿಲೆ ಬಿದ್ದ ಮೇಲೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅಟ್ಟದಿಂದ ಕಮಾನು ಇಳಿಸಿ, ಅದರ ಹುರಿಯನ್ನು ಕ್ಯಾನಿನ ಕೊರಳಿಗೆ ಸುತ್ತಿದೆ. ಅವ್ವ ಮುಚ್ಚಳದ ಮೇಲೆ ಮರದ ಬಟ್ಟಲು ಕವುಚಿ ಒತ್ತಿ ಹಿಡಿದಳು. ಅಪ್ಪ ಬಂದು ಕೂತು ಎಡಗೈಯಲ್ಲಿ ಕಮಾನು ಎಳೆದ. ಕ್ಯಾನು ಅತ್ತ ತಿರುಗಿತು, ಇತ್ತ ತಿರುಗಿತು. ಆಗಾಗ ನಿಲ್ಲಿಸಿ, ಅಂಚಿಗೆ ಕಟ್ಟಿದ್ದನ್ನು ಸೌಟಿನಿಂದ ಕೆರೆದು ನಡುವಿಗೆ ಸೇರಿಸುತ್ತಿದ್ದೆ. ರಸ ಮಂದವಾಯಿತು, ಆಮೇಲೆ ಹರಳು ಹರಳಾಯಿತು. ಮನೆ ತುಂಬ ಮಾವಿನ ಘಮ, ಕಮಾನಿನ ಸರ್ ಸರ್ ಸದ್ದು. ಅಪ್ಪನ ಕಣ್ಣು ಅರ್ಧ ಮುಚ್ಚಿತ್ತು. ಅವನು ಆ ಹೊತ್ತು ಯಾವ ಕಾಲದಲ್ಲಿದ್ದನೋ, ನಾನೂ ಅಲ್ಲೇ ಎಲ್ಲೋ ತೇಲುತ್ತಿದ್ದೆ.

ಆಗ ಪಂಚೆಯೊಳಗಿನ ಬಲಗೈ ಈಚೆ ಬಂದು ನೆಲ ತಡವತೊಡಗಿತು. ಬೊಂಬೆಗೆ ಬಣ್ಣದ ಅರಗು ಹಿಡಿಸಿದ ಮೇಲೆ, ಅದು ತಿರುಗುತ್ತಿರುವಾಗಲೇ ಕೇದಗೆ ಗರಿ ಒತ್ತಿ ಹೊಳಪು ಕೊಡುತ್ತಾರೆ. ಕೈ ಹುಡುಕುತ್ತಿದ್ದದ್ದು ಆ ಗರಿಯನ್ನು. ಅದು ಬೊಂಬೆಯಲ್ಲ, ಹಾಲಿನ ಕ್ಯಾನು ಎನ್ನಲು ನಾನು ಬಾಯಿ ತೆರೆದೆ. ಅವ್ವ ಕಾಲಿನಿಂದ ತಿವಿದಳು. ಹಣ್ಣಿನ ಬುಟ್ಟಿಯಲ್ಲಿದ್ದ ಮಾವಿನೆಲೆಯೊಂದನ್ನು ಎತ್ತಿ ಸದ್ದಿಲ್ಲದೆ ಅವನ ಬೆರಳ ಬಳಿ ಸರಿಸಿದಳು.

ಇಷ್ಟು ದಿನ ಆಡದಿದ್ದ ಬೆರಳುಗಳು ಎಲೆಯನ್ನು ಹಿಡಿದವು. ಹಿಡಿದು, ತಿರುಗುತ್ತಿದ್ದ ಕ್ಯಾನಿನ ಹೆಗಲಿಗೆ ಒತ್ತಿದವು. ನನಗೆ ಅಳು ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಅತ್ತೆ. ಅಪ್ಪನಿಗೆ ಅದರ ಗಮನವೇ ಇರಲಿಲ್ಲ.

"ಹೊಳಪೇ ಬತ್ತಿಲ್ವಲ್ಲ," ಎಂದ.

"ಇನ್ನೊಸಿ ಒತ್ತಿ," ಎಂದಳು ಅವ್ವ. "ಬತ್ತದೆ."