ಯಾರ ರಾಶಿ ಮೊದಲು?

ಬೀದರಿನ ಕಾಲೇಜಿನಲ್ಲಿ ನಾನು ನ್ಯಾಯದ ಸಿದ್ಧಾಂತಗಳನ್ನು ಕಲಿಸುತ್ತೇನೆ. ಠಾಣಾ ಕುಶನೂರಿನಲ್ಲಿ ಅಪ್ಪ ಬಿಟ್ಟುಹೋದ ಹೊಲವಿದೆ. ಹೋದ ವರ್ಷ ಊರೆಲ್ಲ ಸೋಯಾ ಕೊಯ್ದು ಬಣವೆ ಹಾಕಿತ್ತು. ಮೋಡ ಕವಿದಿತ್ತು, ಊರಿಗೆ ಬಂದದ್ದು ಕಾಳು ಬಿಡಿಸುವ ಒಂದೇ ರಾಶಿ ಮಷೀನು. ಯಾರದು ಮೊದಲು ಎಂದು ಜಗಳ ಹತ್ತಿತು.

ಇದು ನನ್ನ ವಿಷಯವಲ್ಲವೇ? ಮುಂದೆ ಹೋಗಿ ಪಾಠ ಶುರು ಮಾಡಿದೆ. ಊರಿನ ಒಟ್ಟು ಹಿತ ಹೆಚ್ಚಾಗುವುದೇ ನ್ಯಾಯ. ದೊಡ್ಡ ಬಣವೆಯ ರಾಶಿ ಮೊದಲಾದರೆ ಹೆಚ್ಚು ಕಾಳು ಉಳಿಯುತ್ತದೆ ಎಂದೆ.

ದಿಬ್ಬದ ಮೇಲೆ ತುಂಡು ಹೊಲವಿದ್ದ ಮುದುಕಿಯೊಬ್ಬಳು ಕೇಳಿದಳು: “ಸರ್, ಈ ನ್ಯಾಯದಾಗ ನಿಮ್ಮ ರಾಶಿ ಯಾವಾಗ ಬರ್ತದ್ರಿ?”

“ಮೊದಲ,” ಎಂದೆ; ಊರಲ್ಲೇ ದೊಡ್ಡ ಬಣವೆ ನನ್ನದಾಗಿತ್ತು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು, ಅವಳ ಮೇಲಲ್ಲ.

“ತಗ್ಗಿನ ಹೊಲದಾಗ ನೀರು ನಿಂದರ್ತದ, ಮಷೀನ್ ಅಲ್ಲಿಗೆ ಹೋಗ್ಲಿ. ನಂದು ಕಡೀಕ ಆಗ್ಲಿ,” ಅಂದಳು ಆಕೆ. ಮಷೀನು ತಗ್ಗಿನ ಹೊಲಗಳತ್ತ ಹೊರಟಿತು.

ಈಗ ಯಾವ ಸಿದ್ಧಾಂತ ಹೇಳಿದರೂ ಆ ಬಣವೆಗಳ ಕಥೆ ಹೇಳಿ, ಯಾರ ರಾಶಿ ಮೊದಲು ಎಂದು ವಿದ್ಯಾರ್ಥಿಗಳನ್ನು ಕೇಳುತ್ತೇನೆ. ಮೊನ್ನೆ, ಚಿಂತಾಕಿ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ ಎದ್ದು ನಿಂತಳು.

“ನಮ್ಮ ಹೊಲ ದಿಬ್ಬದಾಗ ಅದನೋ ತಗ್ಗಿನಾಗ ಅದನೋ ಗೊತ್ತೇ ಇಲ್ಲ ಅಂತ ತಿಳ್ಕೊಂಡು ಹೇಳಬೇಕ್ರಿ, ಸರ್.”

ಮರುದಿನ ಕಲಿಸಲೆಂದು ನಾನು ಇಟ್ಟುಕೊಂಡಿದ್ದ ಸಿದ್ಧಾಂತ ಅದೇ. ಪುಸ್ತಕ ಮುಚ್ಚಿ, ಅವಳ ಮಾತನ್ನೇ ಬೋರ್ಡಿನ ಮೇಲೆ ಬರೆದೆ.