ಬೂದಿಯ ಅಂಗಿ

ಮೂವತ್ತು ವರ್ಷ ಊರವರಿಗೆಲ್ಲ ಶರ್ಟು, ಪ್ಯಾಂಟು, ಪರದೆ ಹೊಲಿದುಕೊಟ್ಟ ಟೈಲರಮ್ಮನಿಗೆ ಬೆಕ್ಕಿಗೆ ಅಂಗಿ ಹೊಲಿಯುವ ಕಾಲವೂ ಬಂತು. ಬೂದಿ ಅವಳ ಹನ್ನೆರಡು ವರ್ಷದ ಬೆಕ್ಕು. ಅದರ ಹೊಟ್ಟೆಯಿಂದ ಗೆಡ್ಡೆ ತೆಗೆದ ಡಾಕ್ಟರು, ಹತ್ತು ದಿನ ಗಾಯ ನೆಕ್ಕಲು ಬಿಡಬೇಡಿ ಎಂದಿದ್ದರು. ಕೊರಳಿಗೆ ಪ್ಲಾಸ್ಟಿಕ್ಕಿನ ಅಗಲ ಪಟ್ಟಿ ಕಟ್ಟಿಸಿಕೊಂಡು ಅದು ಗೋಡೆಗೆಲ್ಲ ಡಿಕ್ಕಿ ಹೊಡೆಯುವುದನ್ನು ನೋಡಲಾರದೆ, ಟೈಲರಮ್ಮ ಹಳೇ ಬನಿಯನ್ ಕತ್ತರಿಸಿ, ಕಾಲಿಗೆ ನಾಲ್ಕು ತೂತು, ಬೆನ್ನಿಗೆ ಮೂರು ಲಾಡಿ ಇಟ್ಟು ಅಂಗಿ ಮಾಡಿದಳು. ಡಾಕ್ಟರೇ ಭೇಷ್ ಅಂದಮೇಲೆ ಕೇಳಬೇಕೇ, ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಟೈಲರಮ್ಮ ಅಂಗಡಿಗೆ ಹೋದರೆ ಹಗಲೆಲ್ಲ ಬೂದಿಯನ್ನು ಕಾಯುವುದು ಜೊತೆಗಿದ್ದ ಅಕ್ಕನ ಪಾಲು. ಐದನೇ ದಿನ ಸಂಜೆ ಮನೆಗೆ ಬಂದರೆ ನೆಲದ ಮೇಲೆ ರಕ್ತ, ಅಂಗಿಯೊಳಗೆ ಗಾಯ ಬಾಯಿಬಿಟ್ಟಿತ್ತು. ಗಂಟು ಬಿಚ್ಚಿಕೊಂಡಿತ್ತು ನೋಡು, ಈಗ ಮತ್ತೆ ಕಟ್ಟಿದೆ, ಅಂದಳು ಅಕ್ಕ. ಬೂದಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಆಸ್ಪತ್ರೆಗೆ ಓಡಿದರು. ಈ ವಯಸ್ಸಿಗೆ ಎರಡನೇ ಸಲ ಮತ್ತು ಬರಿಸುವುದು, ಏಳುತ್ತದೋ ಇಲ್ಲವೋ ಹೇಳಲಾರೆ ಎಂದ ಡಾಕ್ಟರು ಲಾಡಿ ಕಟ್ಟಿದ್ದು ಯಾರು ಎಂದು ಸಿಟ್ಟಿನಿಂದ ಕೇಳಿದರು.

"ನಾನೇ," ಅಂದಳು ಟೈಲರಮ್ಮ. ಡಾಕ್ಟರು ಬೈದಷ್ಟನ್ನೂ ತಲೆತಗ್ಗಿಸಿ ಕೇಳಿದಳು. ಅಕ್ಕ ಪಕ್ಕದಲ್ಲೇ ನಿಂತು ಅವಳ ಬೆನ್ನು ಸವರುತ್ತಿದ್ದಳು.

ಬೂದಿ ಹೇಗೋ ಕಣ್ಣುಬಿಟ್ಟಿತು, ಕೊರಳಿಗೆ ಮತ್ತೆ ಪ್ಲಾಸ್ಟಿಕ್ ಪಟ್ಟಿ ಬಿತ್ತು. ಆದರೆ ಟೈಲರಮ್ಮನಿಗೆ ತನ್ನ ಕೈಯ ಮೇಲಿನ ನಂಬಿಕೆಯೇ ಹೋಯಿತು. ಅಂಗಡಿಯಲ್ಲಿ ಹಾಕಿದ ಹೊಲಿಗೆಯನ್ನೇ ಬಿಚ್ಚುವಳು, ಮತ್ತೆ ಹಾಕುವಳು. ಒಂದು ಗಂಟು ನೆಟ್ಟಗೆ ಹಾಕಲಾರದ ಕೈಗೆ ಬೆಂಕಿ ಬೀಳ ಎಂದು ತನಗೆ ತಾನೇ ಶಾಪ ಹಾಕಿಕೊಂಡಳು. ವಯಸ್ಸಾಯಿತಲ್ಲ, ಕೈ ಸೋಲುತ್ತೆ, ಮನಸ್ಸಿಗೆ ಹಚ್ಚಿಕೋಬೇಡ ಎಂದು ಅಕ್ಕ ಸಮಾಧಾನ ಮಾಡಿದಳು. ಎಂಥಾ ಸಮಾಧಾನ ಅಂತೀರಿ!

ಅದಾದ ಮೂರನೇ ದಿನ ಬೆಳಿಗ್ಗೆ ರಕ್ತದ ಅಂಗಿ ಒಗೆದು ಕಿಟಕಿಗೆ ಹರವುವಾಗ ಟೈಲರಮ್ಮನ ಕಣ್ಣು ನಡುವಿನ ಲಾಡಿಯ ಬುಡದಲ್ಲಿ ನಿಂತಿತು. ಉಳಿದೆರಡು ಲಾಡಿಯ ಕೈಹೊಲಿಗೆ ಬಲಕ್ಕೆ ವಾಲಿತ್ತು, ಇದರದು ಎಡಕ್ಕೆ. ಹಾಗೆ ವಾಲುವುದು ಎಡಗೈಯವರ ಹೊಲಿಗೆ. ಮನೆಯಲ್ಲಿ ಎಡಗೈಯವಳು ಅಕ್ಕ ಒಬ್ಬಳೇ, ಆ ಹೊಲಿಗೆ ಕಲಿಸಿಕೊಟ್ಟವಳು ಟೈಲರಮ್ಮನೇ.

ಅಂಗಿಯನ್ನು ಅಕ್ಕನ ಮುಂದೆ ಹಿಡಿದಳು. ಅಕ್ಕ ಮೊದಲು ಬೆಬ್ಬೆಬ್ಬೆ ಅಂದು, ಆಮೇಲೆ ಬಾಯಿಬಿಟ್ಟಳು.

"ಪಾಪ, ಅಳ್ತಿತ್ತು ಕಣೇ. ಸ್ವಲ್ಪ ಗಾಳಿ ಆಡ್ಲಿ ಅಂತ ಬಿಚ್ಚೋಕೆ ಹೋದೆ. ನಿನ್ನ ಗಂಟು ಎರಡು ಬಿಚ್ಚಿದೆ, ನಡುವಿನದು ಜಪ್ಪಯ್ಯ ಅಂದ್ರೂ ಬರ್ಲಿಲ್ಲ, ಲಾಡೀನ ಬುಡಕ್ಕೇ ಕತ್ತರಿಸ್ದೆ. ಕೂತಲ್ಲೇ ಕಣ್ಣು ಹತ್ತಿಬಿಡ್ತು. ಎದ್ದು ನೋಡಿದ್ರೆ ರಕ್ತ. ಹೆದರ್ಕೊಂಡು ಹೊಲಿದು ಮತ್ತೆ ತೊಡಿಸ್ದೆ. ಆಸ್ಪತ್ರೇಲಿ ನೀನೇ ಒಪ್ಕೊಂಡ್ಬಿಟ್ಟೆ, ಇನ್ನು ನಾನೇನು ಹೇಳೋದು?"

"ಬಿಚ್ಚಿದ್ದನ್ನ ಕ್ಷಮಿಸ್ತಿದ್ದೆ," ಅಂದಳು ಟೈಲರಮ್ಮ. "ಮೂರು ದಿನ ನನ್ನ ಕೈಗೆ ನಾನೇ ಶಾಪ ಹಾಕ್ಕೊಂಡೆ. ನೀನು ಬೆನ್ನು ಸವರ್ತಾ ಕೇಳಿಸ್ಕೊಂಡೆ."

ಬೂದಿಯನ್ನು ಬುಟ್ಟಿಯಲ್ಲಿ ಮಲಗಿಸಿಕೊಂಡು ಅಂಗಡಿಗೆ ಹೊರಟಳು. ಅಕ್ಕ ಬಾಗಿಲವರೆಗೂ ಬಂದು, ಹಾದಿಯಲ್ಲಿ ಕುಲುಕಿದರೆ ಹೊಲಿಗೆ ಬಿಟ್ಟೀತು, ನಾನೇ ನೋಡಿಕೊಳ್ಳುತ್ತೇನೆ, ಬಿಟ್ಟುಹೋಗು ಅಂದಳು. ಐವತ್ತು ವರ್ಷ ಅಕ್ಕನ ಮಾತಿಗೆ ಹೂಂ ಅಂದುಕೊಂಡೇ ಬಂದವಳು ಬುಟ್ಟಿಯನ್ನು ಎದೆಗೆ ಒತ್ತಿಕೊಂಡು, ಹುಷಾರಾಗಿ ಮೆಟ್ಟಿಲಿಳಿದಳು.